ಸತ್ತ ಎತ್ತಿನ ಹಲ್ಲು ಎಣಿಸುವವರು

ಸಂತೆಮರಹಳ್ಳಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಒಂದು ತೀರ್ಪು ಸದಾ ಬಿಸಿಯಾಗಿಯೇ ಇರುತ್ತದೆ. ಕೊಳ್ಳೇಗಾಲದ ಕಡೆಯಿಂದಲೋ ಚಾಮರಾಜನಗರದ ಕಡೆಯಿಂದಲೋ ಜಜ್ಜಿಹೋದ ಕಾರೊಂದನ್ನು ಕ್ರೇನು ಎಳೆದು ತಂದರೆ ಮೊದಲು "ಜೀವ ಉಳೀತಾ?" ಎಂದು ಕೇಳುತ್ತಾರೆ. ಉಳಿದಿದೆ ಎಂದು ಗೊತ್ತಾದ ಮೇಲೆ "ಫುಲ್ ಇನ್ಸೂರೆನ್ಸ್ ಇತ್ತಾ?" ಎಂದು. ಅದೂ ಇದೆ ಎಂದಾದರೆ ತೀರ್ಪು ಹೊರಬೀಳುತ್ತದೆ: "ಕೊಟ್ಟಷ್ಟ ಈಸ್ಕಂಡು ಸುಮ್ಕಿರು ಮಗಾ. ಕಂಪ್ನಿಯವ್ರ್ ಕೂಟ ಗುದ್ದಾಡಕ್ಕಾದದಾ?"

ಈ ಮಾತು ಆಡುವವರು ಕೆಟ್ಟವರಲ್ಲ. ಆಸ್ಪತ್ರೆಗೆ ಮೊದಲು ಓಡುವವರು, ಕ್ರೇನಿನವನಿಗೆ ಚಿಲ್ಲರೆ ಕೊಡುವವರು ಅವರೇ. ಆದರೆ ಮಾತು ಕೆಟ್ಟದ್ದು. ಇದು ಟೀ ಅಂಗಡಿಯಲ್ಲೇ ನಿಂತಿದ್ದರೆ ನಾನು ಪೆನ್ನು ಎತ್ತಿಕೊಳ್ಳುತ್ತಿರಲಿಲ್ಲ. ಪಾಲಿಸಿ ಮಾಡಿಸಿದ ಏಜೆಂಟ್ ಇದನ್ನೇ ಹೇಳುತ್ತಾನೆ, ಗ್ಯಾರೇಜಿನವನು ಇದನ್ನೇ ಹೇಳುತ್ತಾನೆ, ಓದಿದ ಭಾವಮೈದುನರು ಬೆಂಗಳೂರಿನಿಂದ ಫೋನ್ ಮಾಡಿ ಇದನ್ನೇ ಇನ್ನೂ ಒಳ್ಳೆಯ ಭಾಷೆಯಲ್ಲಿ ಹೇಳುತ್ತಾರೆ. ಕೆಟ್ಟುಹೋದ ಕಾರಿನ ಬೆಲೆ ಎಂದರೆ ಕಂಪನಿ ಹೇಳಿದ ಬೆಲೆ ಎಂಬುದು ಈ ಸೀಮೆಯಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟು ಖಾತ್ರಿಯ ಸಂಗತಿಯಾಗಿಬಿಟ್ಟಿದೆ.

ಕಳೆದ ಕಬ್ಬಿನ ಹಂಗಾಮಿನಲ್ಲಿ ನನ್ನ ತಮ್ಮ, ಚಿಕ್ಕಪ್ಪನ ಮಗ, ಯಳಂದೂರಿನಿಂದ ರಾತ್ರಿ ಬರುವಾಗ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದ. ಅವನಿಗೆ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕಾರಿಗೆ, ಗ್ಯಾರೇಜಿನವರ ಬಾಯಲ್ಲಿ ಹೇಳುವುದಾದರೆ, 'ಟೋಟಲ್'. ರಿಪೇರಿಗೆ ಅಂದಾಜು 3,10,000 ರೂಪಾಯಿ. ಪಾಲಿಸಿಯ ಹಾಳೆಯಲ್ಲಿ ಐಡಿವಿ ಎಂಬ ಕಾಲಮ್ಮಿನ ಎದುರು ಅಚ್ಚಾಗಿದ್ದದ್ದು 3,60,000. ಮೂರು ವಾರ ಕಳೆದ ಮೇಲೆ ಕಂಪನಿಯಿಂದ ಬಂದ ಕಾಗದದ ಸಾರ ಇಷ್ಟು: ಈ ಮಾಡೆಲ್ ಈಗ ಮಾರುಕಟ್ಟೆಯಲ್ಲಿ 2,65,000ಕ್ಕೆ ಸಿಗುತ್ತದೆ, ಜಜ್ಜಿದ ಗಾಡಿಗೆ 90,000 ಬರುತ್ತದೆ, ಅದನ್ನು ನೀವೇ ಇಟ್ಟುಕೊಳ್ಳಿ, ನಿಯಮದಂತೆ ಮಾಲೀಕನೇ ಹೊರಬೇಕಾದ 1,000 ಕಳೆದು ನಿಮಗೆ 1,74,000. ಬ್ಯಾಂಕಿನ ಸಾಲವೇ ಇನ್ನೂ 1,90,000 ಬಾಕಿಯಿತ್ತು. ಕಾರಿನ ಮೇಲೆ ಸಾಲವಿದ್ದರೆ ವಿಮೆಯ ಹಣ ಮೊದಲು ಬ್ಯಾಂಕಿಗೇ ಹೋಗುತ್ತದೆ. ಅಂದರೆ ಇಲ್ಲದ ಕಾರಿಗೆ ಕಂತು ಕಟ್ಟುತ್ತಾ, ಅಂಗಳದಲ್ಲಿ ಜಜ್ಜಿದ ತಗಡು ಕಾಯುತ್ತಾ ಕೂರು ಎಂದಾಯಿತು.

ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಎಂದರೇನೆಂದು ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಜಗಳದ ಬೇರು ಇರುವುದು ಅಲ್ಲೇ.

2002ರ ಜುಲೈಯಲ್ಲಿ ಜಾರಿಗೆ ಬಂದ ಮೋಟಾರ್ ಟ್ಯಾರಿಫ್ ಒಂದು ಲೆಕ್ಕ ಹಾಕಿಕೊಟ್ಟಿತು. ಪಾಲಿಸಿ ಶುರುವಾಗುವ ದಿನ ತಯಾರಕರ ಪಟ್ಟಿಯಲ್ಲಿ ಆ ಮಾಡೆಲ್ಲಿಗೆ ಎಷ್ಟು ಬೆಲೆ ಇದೆಯೋ ಅದನ್ನು ಹಿಡಿಯುವುದು. ನೀವು ಕೊಂಡ ದಿನದ ಬೆಲೆಯನ್ನಲ್ಲ, ಗಮನಿಸಿ. ಅದರಲ್ಲಿ ಸವೆತ ಕಳೆಯುವುದು. ಆರು ತಿಂಗಳೊಳಗಿನ ಗಾಡಿಗೆ ನೂರಕ್ಕೆ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಆಮೇಲೆ ವರ್ಷಕ್ಕೆ ಹತ್ತರಂತೆ ಏರಿ ಐದನೆಯ ವರ್ಷಕ್ಕೆ 50. ತಮ್ಮನ ಕಾರು ಮೂರು ದಾಟಿತ್ತು. 6 ಲಕ್ಷದ ಪಟ್ಟಿ ಬೆಲೆಯಲ್ಲಿ ನೂರಕ್ಕೆ 40 ಹೋಗಿ 3,60,000 ಉಳಿಯಿತು. ಇದನ್ನು ಅವನು ಕನಸು ಕಂಡು ಬರೆಸಿದ್ದಲ್ಲ. ಕಂಪನಿಯ ಕಂಪ್ಯೂಟರೇ ಹಾಕಿದ ಲೆಕ್ಕ, ಕಂಪನಿಯೇ ಅದರ ಮೇಲೆ ಪ್ರೀಮಿಯಂ ಕಟ್ಟಿಸಿಕೊಂಡದ್ದು.

ಅದೇ ಟ್ಯಾರಿಫ್ ಇನ್ನೂ ಒಂದು ಮಾತು ಹೇಳಿತು: ಟೋಟಲ್ ಲಾಸ್ ಆದಾಗ ಈ ಐಡಿವಿಯನ್ನೇ ಪಾಲಿಸಿಯ ಪೂರ್ತಿ ಅವಧಿಗೆ ಮಾರುಕಟ್ಟೆ ಬೆಲೆಯೆಂದು ಎಣಿಸಬೇಕು, ಮತ್ತೆ ಸವೆತ ಕಳೆಯಕೂಡದು. 2007ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂ ದರಗಳನ್ನು ಬಿಡುಗಡೆ ಮಾಡಿತು, ಕಂಪನಿಗಳು ತಮಗೆ ಬೇಕಾದ ದರ ಹಾಕಿಕೊಳ್ಳುತ್ತಿವೆ. ಆದರೆ ಪಾಲಿಸಿಯ ಈ ಮಾತು ಮಾತ್ರ ಹಾಗೆಯೇ ಅಚ್ಚಾಗಿ ಬರುತ್ತಿದೆ. ಮಾರುಕಟ್ಟೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಅಪಘಾತದ ಮೊದಲೇ ಬರೆದಿಟ್ಟಾಗಿದೆ. ಟ್ರ್ಯಾಕ್ಟರಿಗೆ ಗುದ್ದಿದ ಮೇಲೆ ಹುಡುಕಬೇಕಾದ ಮಾರುಕಟ್ಟೆ ಯಾವುದೂ ಉಳಿದಿಲ್ಲ.

ತೆರಕಣಾಂಬಿಯ ದನದ ಸಂತೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಸುಳಿ ನೋಡುವುದು, ನಡೆಸಿ ನೋಡುವುದು, ಟವಲ್ಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುವುದು, ಎಲ್ಲವೂ ಸಂಚಕಾರ ಕೈ ಬದಲಾಗುವ ಮುಂಚೆ. ಸಂಚಕಾರ ಈಸಿಕೊಂಡು, ಮೂರು ತಿಂಗಳಾದ ಮೇಲೆ ಎತ್ತು ಸತ್ತಾಗ ಬಂದು ಹಲ್ಲು ಎಣಿಸುವವನನ್ನು ಸಂತೆಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಬರೆಯಲಾರೆ. ವಿಮಾ ಕಂಪನಿ ಅದನ್ನೇ ಮಾಡಿದರೆ ಅದಕ್ಕೆ 'ಅಸೆಸ್‌ಮೆಂಟ್' ಎಂದು ಹೆಸರು.

ಎದುರು ವಾದ ಇಲ್ಲದಿಲ್ಲ, ಮತ್ತು ಅದು ಟೀ ಅಂಗಡಿಯ ವಾದಕ್ಕಿಂತ ಗಟ್ಟಿಯಾದದ್ದು. ವಿಮೆ ಇರುವುದು ನಷ್ಟ ತುಂಬಿಕೊಡಲಿಕ್ಕೆ, ಲಾಭ ಮಾಡಿಕೊಡಲಿಕ್ಕಲ್ಲ. 2,65,000ಕ್ಕೆ ಅಂಥದೇ ಕಾರು ಸಿಗುವಾಗ 3,60,000 ಕೊಟ್ಟರೆ ಅಪಘಾತವೇ ಸಂಪಾದನೆಯಾಗುತ್ತದೆ, ಆ ಹೊರೆ ಪ್ರಾಮಾಣಿಕವಾಗಿ ಗಾಡಿ ಓಡಿಸುವ ಉಳಿದವರ ಪ್ರೀಮಿಯಂ ಮೇಲೆ ಬೀಳುತ್ತದೆ. ಕೇಳಲಿಕ್ಕೆ ಧರ್ಮದ ಮಾತಿನ ಹಾಗಿದೆ. ಆದರೆ ಈ ಧರ್ಮ ಒಂದೇ ಕಡೆಗೆ ಹರಿಯುವುದನ್ನು ನೋಡಿ. ಕೋವಿಡ್ ಬಂದ ಮೇಲೆ, 2021-22ರಲ್ಲಿ, ಎಲೆಕ್ಟ್ರಾನಿಕ್ ಚಿಪ್ಪಿನ ಕೊರತೆಯಿಂದ ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಗಿ ಸೆಕೆಂಡ್ ಹ್ಯಾಂಡ್ ಕಾರುಗಳ ಬೆಲೆ ಏರಿತು. ಎಷ್ಟೋ ಗಾಡಿಗಳಿಗೆ ಸಂತೆಯ ಬೆಲೆ ಐಡಿವಿಯನ್ನು ಮೀರಿತು. ಆಗ "ನಷ್ಟ ಪೂರ್ತಿ ತುಂಬಿಕೊಡುವುದು ನಮ್ಮ ಧರ್ಮ" ಎಂದು ಐಡಿವಿಯ ಮೇಲೆ ಒಂದು ರೂಪಾಯಿ ಹೆಚ್ಚು ಕೊಟ್ಟ ಕಂಪನಿಯನ್ನು ನಾನು ಕಂಡಿಲ್ಲ. ಕೊಡಬೇಕಾಗಿಯೂ ಇರಲಿಲ್ಲ, ಒಪ್ಪಂದ ಒಪ್ಪಂದವೇ. ಸಂತೆ ಏರಿದಾಗ ಒಪ್ಪಂದ ನೋಡುವವರು ಸಂತೆ ಇಳಿದಾಗಲೂ ಒಪ್ಪಂದ ನೋಡಬೇಕು. 2,65,000ವೇ ನಿಜವಾದ ಬೆಲೆ ಎಂದು ಈಗ ಹೊಳೆದಿದ್ದರೆ, 3,60,000ದ ಮೇಲೆ ಈಸಿಕೊಂಡ ಪ್ರೀಮಿಯಂನಲ್ಲಿ ಹೆಚ್ಚುವರಿ ಎಷ್ಟೆಂದು ಲೆಕ್ಕ ಹಾಕಿ ಚೆಕ್ಕಿನ ಜೊತೆ ಇಡಬೇಕಿತ್ತು. ಆ ಕಾಗದದಲ್ಲಿ ಆ ಸಾಲು ಇರಲಿಲ್ಲ.

ಇದು ನನ್ನೊಬ್ಬನ ಕೋಪವಲ್ಲ. 2008ರಲ್ಲಿ ಧರ್ಮೇಂದ್ರ ಗೋಯಲ್ ಮತ್ತು ಓರಿಯೆಂಟಲ್ ಇನ್ಶೂರೆನ್ಸ್ ನಡುವಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗಾಡಿಗೆ 3,54,000 ಎಂದು ಒಪ್ಪಿ ಪ್ರೀಮಿಯಂ ಪಡೆದ ಕಂಪನಿ, ಅಪಘಾತವಾದ ಮೇಲೆ ತೀರಾ ಕಡಿಮೆ ಬೆಲೆ ಕಟ್ಟಿತ್ತು. ನ್ಯಾಯಾಲಯ ಒಪ್ಪಲಿಲ್ಲ. ಏಳು ತಿಂಗಳ ಸವೆತಕ್ಕೆಂದು 10,000 ಮಾತ್ರ ಕಳೆದು ಉಳಿದದ್ದಕ್ಕೆ ಆ ಬೆಲೆಯನ್ನೇ ಎತ್ತಿಹಿಡಿಯಿತು. ಬಲವಾದ ಸ್ಥಾನದಲ್ಲಿ ಕೂತು ಮೊದಲು ಒಂದು ಬೆಲೆ ಒಪ್ಪಿ, ಕೊಡುವ ಹೊತ್ತಿಗೆ ಅದನ್ನೇ ಅಲ್ಲಗಳೆಯುವುದು ಕಾನೂನಿಗೂ ಸಲ್ಲದು, ನೀತಿಗೂ ಸಲ್ಲದು ಎಂಬರ್ಥದಲ್ಲಿ ಖಾರವಾಗಿಯೇ ಹೇಳಿತು. ಮರುವರ್ಷ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ, ಸರ್ವೇಯರನ ವರದಿ ಮುಖ್ಯವೇ ಹೌದಾದರೂ ಅದೇ ಕೊನೆಯ ಮಾತಲ್ಲ ಎಂದಿತು. ಸರ್ವೇಯರನ ಪರವಾನಗಿ ವಿಮಾ ನಿಯಂತ್ರಣ ಪ್ರಾಧಿಕಾರದ್ದು, ಫೀಸು ಕಂಪನಿಯದ್ದು. ಅವನನ್ನು ನಾನು ಕಳ್ಳನೆನ್ನುವುದಿಲ್ಲ. ಆದರೆ ಅವನು ಬರೆದದ್ದನ್ನು ಶಾಸನದಂತೆ ಓದಬೇಕಿಲ್ಲ.

ಇಂಗ್ಲೆಂಡಿನ ವಿಷಯ ಹೇಳಿ ನಮ್ಮವರ ಬಾಯಿ ಮುಚ್ಚಿಸುವ ಓದಿದವರೂ ಇದ್ದಾರೆ: "ಅಲ್ಲೂ ಹೀಗೇ ಕಣಯ್ಯಾ." ಹೀಗೇ ಇಲ್ಲ. ಅಲ್ಲಿನ ಸಾಮಾನ್ಯ ಪಾಲಿಸಿ ಕೊಡುವುದು ಅಪಘಾತದ ಹಿಂದಿನ ಗಳಿಗೆಯಲ್ಲಿ ಕಾರಿಗಿದ್ದ ಮಾರುಕಟ್ಟೆ ಬೆಲೆಯನ್ನು. ಆದ್ದರಿಂದ ಅಲ್ಲಿ ಬೆಲೆ ಹುಡುಕುವುದು ಅನಿವಾರ್ಯ, ಹುಡುಕುವ ಕೈ ಕೆಳಗಿಳಿಯುವುದೂ ಮಾಮೂಲು. 2022ರ ಡಿಸೆಂಬರಿನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಎ, ಟೋಟಲ್ ಆದ ಕಾರುಗಳಿಗೆ ನ್ಯಾಯದ ಬೆಲೆಗಿಂತ ಕಡಿಮೆ ಕೊಡಬೇಡಿ ಎಂದು ಕಂಪನಿಗಳನ್ನು ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಹುಡುಕಬೇಕಾದ ಕಡೆಯೇ ಹೀಗೆ ಗದರಿಸಿಕೊಂಡರು. ಬರೆದಿಟ್ಟಿರುವ ನಮ್ಮ ಕಡೆ ಯಾವ ಮುಖ ಹೊತ್ತು ಇಳಿಸುತ್ತಾರೆ?

ಇನ್ನು 'ಜಜ್ಜಿದ ಗಾಡಿಗೆ 90,000'. ಇದರಲ್ಲಿ ಕಂಪನಿಯ ಪರವಾಗಿಯೂ ಒಂದು ಮಾತಿದೆ, ಮುಚ್ಚಿಡಬಾರದು. ಪಾಲಿಸಿಯ ಷರತ್ತಿನಲ್ಲೇ ಟೋಟಲ್ ಲಾಸ್ ಆದರೆ ಐಡಿವಿಯಲ್ಲಿ ಅವಶೇಷದ ಬೆಲೆ ಕಳೆದು ಕೊಡುವುದೆಂದು ಇದೆ. ಗಾಡಿ ನಿಮ್ಮ ಬಳಿಯೇ ಉಳಿದರೆ ಅದರ ಬೆಲೆ ನಿಮಗೆ ಬಂತಲ್ಲ, ಸರಿ. ಚೂರಿ ಇರುವುದು ಆ ಬೆಲೆ ಎಲ್ಲಿಂದ ಬಂತು ಎಂಬಲ್ಲಿ. ಈಗ ಆನ್‌ಲೈನ್ ಹರಾಜಿಗೆ ಫೋಟೋ ಹಾಕುತ್ತಾರೆ, ಎಲ್ಲಿಯವನೋ ಒಬ್ಬ ಗುಂಡಿ ಒತ್ತಿ ಬೆಲೆ ಕೂಗುತ್ತಾನೆ. ಆ ಬೆಲೆಯನ್ನು ಕಂಪನಿ ನಿಮ್ಮ ಲೆಕ್ಕದಲ್ಲಿ ಕಳೆದುಬಿಡುತ್ತದೆ. ಕೂಗಿದವನು ಬಂದು, ಬಾನೆಟ್ಟು ಎತ್ತಿ ನೋಡಿ, "ಎಂಜಿನ್ನಿಗೂ ಏಟು ಬಿದ್ದಿದೆ ಸಾರ್" ಎಂದು ಹತ್ತಿಪ್ಪತ್ತು ಸಾವಿರ ಇಳಿಸುತ್ತಾನೆ, ಅಥವಾ ಬರುವುದೇ ಇಲ್ಲ. ಅಷ್ಟರಲ್ಲಿ ಗ್ಯಾರೇಜಿನವನ ಪಾರ್ಕಿಂಗ್ ಬಾಡಿಗೆ ದಿನದಿನಕ್ಕೆ ಏರುತ್ತಿರುತ್ತದೆ. ಗುಜರಿಯವನಿಂದ ಬಂದದ್ದು, ಕಂಪನಿಯಿಂದ ಬಂದದ್ದು, ನಿಯಮದ 1,000, ಈ ಮೂರನ್ನೂ ಕೂಡಿದರೆ ಐಡಿವಿ ಆಗಬೇಕು. ಆಗದಿದ್ದರೆ ಯಾರೋ ನಡುವೆ ನುಂಗಿದ್ದಾರೆ.

ಹಾಗೆ ಕೊಂಡೊಯ್ಯುವವನು ಆರ್‌ಸಿಯನ್ನೂ ಕೇಳುತ್ತಾನೆ. ಜಜ್ಜಿದ ತಗಡಿಗಿಂತ ಆ ಕಾಗದಕ್ಕೇ ಅವನಿಗೆ ಹೆಚ್ಚು ಆಸೆ ಏಕೆಂದು ಒಂದು ಗಳಿಗೆ ಯೋಚಿಸಿ. ಕದ್ದ ಕಾರಿಗೆ ಟೋಟಲ್ ಆದ ಕಾರಿನ ಚಾಸಿ ನಂಬರು ಕೂರಿಸುವ ದಂಧೆ ಈ ದೇಶದಲ್ಲಿ ಹೊಸದಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಪೂರ್ತಿ ನಾಶವಾದ ಗಾಡಿಯ ವಿಷಯ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. "ಬುಡು, ಗುಜರಿಗೆ ಹೋಯ್ತದ" ಎಂದು ಸಹಿ ಮಾಡಿ ಕೈತೊಳೆಯುವ ವ್ಯವಹಾರವಲ್ಲ ಇದು.

ಟೋಟಲ್ ಮಾಡದೆಯೇ ತಪ್ಪಿಸಿಕೊಳ್ಳುವ ದಾರಿಯೂ ಒಂದಿದೆ. ರಿಪೇರಿಯ ಖರ್ಚು ಐಡಿವಿಯ ನೂರಕ್ಕೆ 75ನ್ನು ಮೀರಿದರೆ ಟೋಟಲ್ ಲಾಸ್ ಎಂದು ಎಣಿಸಬೇಕು. ಆದರೆ ಆ ವಾಕ್ಯಕ್ಕೆ 'ಷರತ್ತುಗಳಿಗೆ ಒಳಪಟ್ಟು' ಎಂಬ ಬಾಲವಿದೆ. ಆ ಬಾಲ ಹಿಡಿದು, ಪ್ಲಾಸ್ಟಿಕ್ಕು ರಬ್ಬರಿಗೆ ನೂರಕ್ಕೆ 50, ಮೂರು ದಾಟಿದ ಗಾಡಿಯ ಲೋಹದ ಭಾಗಕ್ಕೆ 25 ಎಂದು ಸವೆತ ಕಳೆದು, 3,10,000ದ ಬಿಲ್ಲನ್ನು 2,70,000ದ ಗೆರೆಯ ಕೆಳಗೆ ತಂದು, "ಇದು ಟೋಟಲ್ ಅಲ್ಲ, ರಿಪೇರಿ ಮಾಡಿಸಿ, ಉಳಿದದ್ದು ನೀವು ಹಾಕಿ" ಎನ್ನುವವರಿದ್ದಾರೆ. ರಿಪೇರಿಯಾದ ಗಾಡಿ ಆಮೇಲೆ ಎಡಕ್ಕೆ ಎಳೆಯುತ್ತದೆ, ಟಯರು ಒಂದೇ ಕಡೆ ಸವೆಯುತ್ತದೆ, ದಿಂಬಂ ಘಾಟಿಯ 27 ತಿರುವುಗಳಲ್ಲಿ ಪ್ರತಿ ತಿರುವಿಗೂ ದೇವರ ನೆನಪಾಗುತ್ತದೆ. ತಮ್ಮನ ಮೇಲೆ ಈ ಅಸ್ತ್ರ ಬಿಡಲಿಲ್ಲ. ಬಂಪರ್ ಟು ಬಂಪರ್ ಪಾಲಿಸಿ ಮಾಡಿಸಿದ್ದ, ಸವೆತ ಕಳೆಯಲು ಅವರಿಗೆ ಜಾಗವಿರಲಿಲ್ಲ.

ನಮ್ಮವರ ತಪ್ಪನ್ನೂ ಹೇಳಬೇಕು, ಬಿಟ್ಟರೆ ಈ ಬರಹ ಒಂಟಿಗಣ್ಣಿನದಾಗುತ್ತದೆ. ಐದು ವರ್ಷ ದಾಟಿದ ಗಾಡಿಗೆ ಮೇಲೆ ಹೇಳಿದ ಪಟ್ಟಿ ಇಲ್ಲ. ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಐಡಿವಿ ಗೊತ್ತುಮಾಡಬೇಕು. ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರಿನ ಹಳ್ಳಿಗಳಲ್ಲಿ ಓಡುವ ಕಾರುಗಳಲ್ಲಿ ಐದು ದಾಟದವು ಎಷ್ಟು? ಹೂವಿನ ಚೀಲ, ಈರುಳ್ಳಿ ಮೂಟೆ, ಬಸುರಿ ಹೆಂಗಸು, ಎಲ್ಲವನ್ನೂ ಹೊರುವ ಓಮ್ನಿಗಳು, ಆಲ್ಟೋಗಳು. ಅವುಗಳ ರಿನ್ಯೂವಲ್ ದಿನ ಮಾತಾಡಿಕೊಳ್ಳುವುದು ಹೇಗೆ? "ಎಷ್ಟಾದದ?" ಎಂದು ಇವರು ಕೇಳುತ್ತಾರೆ, ಏಜೆಂಟ್ ಮೊಬೈಲಿನಲ್ಲಿ ಐಡಿವಿಯನ್ನು ತಳಕ್ಕೆ ಎಳೆದು, "ನೋಡಿ, ಕಮ್ಮಿ ಮಾಡ್ಸಿದೀನಿ" ಎನ್ನುತ್ತಾನೆ. ಹಳೆಯ ಟ್ಯಾರಿಫ್ ದರವನ್ನೇ ಹಿಡಿದರೂ ಸ್ವಂತ ಗಾಡಿಯ ಪ್ರೀಮಿಯಂ ನೂರಕ್ಕೆ ಮೂರು ರೂಪಾಯಿಯ ಆಸುಪಾಸು. ಅಂದರೆ ಐಡಿವಿ 50,000 ಇಳಿಸಿದರೆ ಉಳಿಯುವುದು ಸುಮಾರು 1,500. ಈಗಿನ ಡಿಸ್ಕೌಂಟಿನಲ್ಲಿ ಅದೂ ಇಲ್ಲ. ಥರ್ಡ್ ಪಾರ್ಟಿಯ ಹಣವಂತೂ ಐಡಿವಿ ಎಷ್ಟಿದ್ದರೂ ಅಷ್ಟೇ. ಸಾವಿರ ಚಿಲ್ಲರೆಗೆ ಐವತ್ತು ಸಾವಿರ ಮಾರಿಕೊಂಡು ಬಂದವನು ಆಮೇಲೆ ಕಂಪನಿಯನ್ನು ಬೈಯುವಂತಿಲ್ಲ. ಆ ಪಾಲಿಗೆ ಸಹಿ ಅವನದೇ. 'ಫುಲ್ ಇನ್ಸೂರೆನ್ಸ್' ಎಂಬ ನಮ್ಮ ಮಾತೇ ಮೋಸದ್ದು. ಅದು ಎಷ್ಟಕ್ಕೆ ಫುಲ್ ಎಂಬುದು ಆ ಒಂದು ಕಾಲಮ್ಮಿನಲ್ಲಿರುತ್ತದೆ, ಅದನ್ನು ನೋಡುವುದು ಕಾರು ಕ್ರೇನಿಗೆ ಸಿಕ್ಕ ಮೇಲೆ.

"ಕೋರ್ಟು ಕಚೇರಿ ಅಲೆದರೆ ಚಪ್ಪಲಿ ಸವೀತದ" ಎಂಬುದು ಕಡೆಯ ಅಡ್ಡಗೋಡೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂದು ವರ್ಷಗಟ್ಟಲೆ ನಂಬಿದ ಜಿಲ್ಲೆ ನಮ್ಮದು. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದು, ಐದು ವರ್ಷ ಪೂರ್ತಿ ಕೂತು ತೋರಿಸಬೇಕಾಯಿತು. ಕ್ಲೇಮಿನ ಜಗಳ ಗೆಲ್ಲುವುದಿಲ್ಲ ಎಂಬುದೂ ಅದೇ ಜಾತಿಯ ನಂಬಿಕೆ. ಹೋಗಿ ನೋಡಿದವರು ಕಡಿಮೆ, ಹೇಳುವವರು ಹೆಚ್ಚು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಒಪ್ಪಿಗೆಯಿಲ್ಲ ಎಂದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ: ಫೀಸಿಲ್ಲ, ವಕೀಲರಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಅದು ಬೇಡವೆಂದರೆ ಚಾಮರಾಜನಗರದಲ್ಲೇ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಹೆಡ್ಡಾಫೀಸು ಮುಂಬೈಯಲ್ಲಿದ್ದರೆ ಅವರೇ ಇಲ್ಲಿಗೆ ಬರಬೇಕು. ಎರಡು ವರ್ಷದ ಗಡುವಿದೆ. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಮುಗಿಯುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಚಪ್ಪಲಿ 300 ರೂಪಾಯಿಗೆ ಸಿಗುತ್ತದೆ.

"ಅಷ್ಟೊಂದು ಅಲ್ವಲ್ಲ, ಹೋಗ್ಲಿ ಬುಡು" ಎನ್ನುವ ಮಾತನ್ನು ಬೇರೆ ಯಾವ ಊರಿನವರಾದರೂ ಆಡಲಿ, ಸಂತೆಮರಹಳ್ಳಿಯವರು ಆಡಬಾರದು. 2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಓಟು. ಆಮೇಲೆ ಆ ಕ್ಷೇತ್ರವೇ ಇಲ್ಲವಾಯಿತು, ಆ ಒಂದು ಮಾತ್ರ ಇನ್ನೂ ದೇಶದ ಬಾಯಲ್ಲಿದೆ.

ತಮ್ಮ ಮಾಡಿದ್ದು ದೊಡ್ಡ ಸಾಹಸವೇನಲ್ಲ. ಒಂದು ಪುಟದ ಕಾಗದ ಬರೆದ, ಅದೂ ಕನ್ನಡದಲ್ಲಿ. 3,60,000ವನ್ನು 2,65,000ಕ್ಕೆ ಇಳಿಸಿದ್ದು ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಕೇಳಿದ. ಸರ್ವೇಯರನ ವರದಿಯ ನಕಲು ಕೇಳಿದ. 90,000 ಕೂಗಿದವನು ಯಾರು, ಎಲ್ಲಿಯ ತನಕ ಆ ಬೆಲೆಗೆ ಕೊಳ್ಳುತ್ತಾನೆ, ಬರೆದುಕೊಡಿ ಎಂದು ಕೇಳಿದ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಶೀದಿಯನ್ನು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡ. ಫೋನುಗಳು ಬಂದವು. "ಏನ್ ಸಾರ್, ಮಾತಾಡ್ಕೊಂಡ್ ಬಗೆಹರಿಸ್ಬೋದಿತ್ತಲ್ಲ" ಎಂದರು. ಮಾತಾಡಿದ್ದನ್ನೂ ಬರೆದು ಕಳಿಸಿ ಎಂದ. ತಿಂಗಳು ತುಂಬುವ ಮೊದಲು ಹೊಸ ಕಾಗದ ಬಂತು. ಅದರಲ್ಲಿ ಮಾರುಕಟ್ಟೆ ಎಂಬ ಪದವೇ ಇರಲಿಲ್ಲ. 3,60,000ದಲ್ಲಿ 1,000 ಕಳೆದು, ಗಾಡಿಯ 90,000 ಕಳೆದು, 2,69,000. ಮೊದಲಿನದಕ್ಕಿಂತ 95,000 ಹೆಚ್ಚು, ಒಂದು ಪುಟಕ್ಕೆ.

90,000 ಕೂಗಿದ್ದ ಗುಜರಿಯವನು ಬಂದು ನೋಡಿ 78,000 ಎಂದ. ತಮ್ಮ ಕೊಟ್ಟ, ಆರ್‌ಸಿ ಮಾತ್ರ ಕೊಡಲಿಲ್ಲ. ಆ 12,000ಕ್ಕೆ ತಕರಾರು ಉಳಿಸಿಕೊಂಡೇ ವೋಚರಿನ ಮೇಲೆ 'ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆದು ಸಹಿ ಹಾಕಿದ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಹಣ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಪ್ರಾಧಿಕಾರ 2015ರಲ್ಲೇ ಸುತ್ತೋಲೆ ಕಳಿಸಿದೆ. ಬ್ಯಾಂಕಿನ ಸಾಲ ತೀರಿತು. ಜೆ.ಪಿ. ನಗರಕ್ಕೆ ಹೋಗುವ ಎರಡನೆಯ ಕಾಗದ ಈಗ ಬರೆಯುತ್ತಿದ್ದಾನೆ.

ಟೀ ಅಂಗಡಿಗೂ ಸುದ್ದಿ ಮುಟ್ಟಿತು. ಮೊದಲ ದಿನ ತೀರ್ಪು ಕೊಟ್ಟಿದ್ದ ಹಿರಿಯರು ಲೋಟ ಕೆಳಗಿಟ್ಟು, ಸಮಾಧಾನದಿಂದ ತಲೆದೂಗಿದರು. "ನೋಡ್ದಾ ಮಗಾ," ಅಂದರು, "ಕಂಪ್ನಿಯವ್ರು ದೊಡ್ ಮನ್ಸ್ ಮಾಡಿ ಕೊಟ್ಟವ್ರ."